ಮೊದಲು ಎಲ್ಲಿ ಹುಡುಕಬೇಕು?



ನಾನು ಇಲ್ಲಿ ಬರೆಯದೆ ಮೂರು ತಿಂಗಳು ಕಳೆದವು. ಆರೋಗ್ಯ ಹೇಗಿದೆ ಎಂದು ದೂರವಾಣಿಯಲ್ಲಿ ವಿಚಾರಿಸಿದ ಶಿಷ್ಯರಿಗೂ ಬಂಧುಗಳಿಗೂ ಕೃತಜ್ಞತೆಗಳು. ಆರೋಗ್ಯ ಚೆನ್ನಾಗಿದೆ. ಬರೆಯಬೇಕಾದ ವಿಷಯವೊಂದು ಮನಸ್ಸಿನಲ್ಲಿ ಕುಳಿತಿತ್ತು. ಅದನ್ನು ಬರೆಯದೆ ಬೇರೆ ಯಾವುದನ್ನೂ ಬರೆಯಲು ಕೈ ಏಳಲಿಲ್ಲ. ಮೇಲುನೋಟಕ್ಕೆ ಇದು ಕಂಪ್ಯೂಟರಿನ ವಿಷಯ. ಆದರೆ 2004-05ನೇ ಸಾಲಿನಲ್ಲಿ ನನ್ನ ಬಳಿ ಹತ್ತನೆಯ ತರಗತಿ ಓದಿದವರು ಕೊನೆಯವರೆಗೂ ಓದಬೇಕೆಂದು ವಿನಂತಿ.

ನಮ್ಮ ಮನೆಯ ನಡುಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇರುವುದು ಬಂದುಹೋಗುವವರೆಲ್ಲರಿಗೂ ಗೊತ್ತು. 2012ರಲ್ಲಿ ಕೊಂಡದ್ದು. ಅದನ್ನು ನಾನು ಬಳಸಿದ್ದಕ್ಕಿಂತ ನನ್ನ ಶ್ರೀಮತಿ ಬಳಸಿದ್ದೇ ಹೆಚ್ಚು. ಐವತ್ತು ದಾಟಿದ ಮೇಲೆ ಆಕೆ ನುಡಿ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು ಕಲಿತು, ತನ್ನ ತಾಯಿಯ ಬಾಯಿಂದ ಕೇಳಿದ್ದ ಸೋಬಾನೆ ಪದಗಳನ್ನು, ಬೀಸುವ ಪದಗಳನ್ನು, ಹಸೆಗೆ ಕರೆಯುವ ಹಾಡುಗಳನ್ನು ಒಂದೊಂದಾಗಿ ಅದರಲ್ಲಿ ತುಂಬಿಟ್ಟಿದ್ದಳು. ಮಧ್ಯಾಹ್ನ ಊಟವಾದ ಬಳಿಕ ಒಂದು ಗಂಟೆ ಆಕೆಯದು ಅದೇ ಕೆಲಸ. ಒಂದು ಬೆರಳಿನಿಂದ ಅಕ್ಷರ ಹುಡುಕಿ ಒತ್ತುತ್ತಾ, ಮರೆತ ಸಾಲು ನೆನಪಾಗಲೆಂದು ಸಣ್ಣದಾಗಿ ಗುನುಗುತ್ತಾ ಕೂರುತ್ತಿದ್ದಳು. ಆಕೆ 2022ರಲ್ಲಿ ತೀರಿಕೊಂಡ ಮೇಲೆ ನಾನು ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದೆನೇ ಹೊರತು ಆ ಕಡತಗಳನ್ನು ತೆರೆದು ನೋಡುವ ಧೈರ್ಯ ಮಾಡಿರಲಿಲ್ಲ. ಬೇರೆಡೆ ಒಂದು ಪ್ರತಿ ತೆಗೆದಿಡಬೇಕೆಂಬ ಬುದ್ಧಿಯೂ ಹೊಳೆಯಲಿಲ್ಲ.

2025ರ ಆಗಸ್ಟಿನಲ್ಲಿ ನಾದಿನಿಯ ಮಗಳ ಮದುವೆ ನಿಶ್ಚಯವಾಯಿತು. ಅಕ್ಕನ ಸೋಬಾನೆ ಪದಗಳನ್ನು ಮದುವೆಯಲ್ಲಿ ಹಾಡಿಸಬೇಕು, ಅಚ್ಚು ಹಾಕಿಸಿ ಬಂದವರಿಗೆ ಕೊಡಬೇಕು ಎಂದು ನಾದಿನಿ ಕೇಳಿದಳು. ಅದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ? ಸಂತೋಷದಿಂದ ಕಂಪ್ಯೂಟರಿನ ಗುಂಡಿ ಒತ್ತಿದೆ. ಅದು ಎದ್ದಿತು, ಫ್ಯಾನು ತಿರುಗಿತು. ಅಷ್ಟರಲ್ಲಿ ವಿದ್ಯುತ್ ಹೋಯಿತು. ಬಂದಿತು, ಮತ್ತೆ ಹೋಯಿತು. ಯುಪಿಎಸ್ಸಿನ ಬ್ಯಾಟರಿ ಯಾವತ್ತೋ ಸತ್ತಿತ್ತು. ಮೂರನೆಯ ಸಲ ಒತ್ತಿದಾಗ ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು: 'ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್.' ಎಷ್ಟು ಸಲ ಪ್ರಯತ್ನಿಸಿದರೂ ಅದೇ ಸಾಲು.

ಪೇಟೆಯ ದುರಸ್ತಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದ ಯುವಕ ನೋಡಿದ ಕೂಡಲೇ, "ಫಾರ್ಮ್ಯಾಟ್ ಮಾಡಬೇಕು ಅಂಕಲ್, ಒಳಗಿರೋದೆಲ್ಲ ಹೋಗುತ್ತೆ" ಎಂದ. ಒಳಗೆ ಏನಿದೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಯಂತ್ರವನ್ನು ಮತ್ತೆ ಆಟೋದಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಆ ಸಂಜೆ ನನಗೆ ಊಟ ಸೇರಲಿಲ್ಲ.

ಆಗ ನೆನಪಾದವನು ಒಬ್ಬ ಹಳೆಯ ಶಿಷ್ಯ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದೆಂದು ಅವನೇ ಕೇಳಿಕೊಂಡಿದ್ದಾನೆ. ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಅವನ ತರಗತಿಯವರು ಮಾಡಿಕೊಂಡಿರುವ ವಾಟ್ಸಾಪ್ ಗುಂಪಿನಲ್ಲಿ ಹಬ್ಬಕ್ಕೊಮ್ಮೆ ನಮಸ್ಕಾರ ತಿಳಿಸುವುದು ಬಿಟ್ಟರೆ ನಮ್ಮಿಬ್ಬರ ನಡುವೆ ಹೆಚ್ಚು ಮಾತುಕತೆ ಇರಲಿಲ್ಲ. ಅದಕ್ಕೆ ಕಾರಣವಿತ್ತು. ಆ ಕಾರಣ ನನಗೆ ಗೊತ್ತಿದೆ ಎಂದೇ ನಾನು ಇಪ್ಪತ್ತು ವರ್ಷ ತಿಳಿದುಕೊಂಡಿದ್ದೆ.

ಸಂಕೋಚದಿಂದಲೇ ಕರೆ ಮಾಡಿ, ಪರದೆಯ ಮೇಲಿನ ಸಾಲನ್ನು ಓದಿ ಹೇಳಿದೆ. ಅವನು ಕೇಳಿದ ಮೊದಲ ಪ್ರಶ್ನೆ ಇದು:

"ಸಾರ್, ಅದಕ್ಕೆ ಯಾವುದಾದರೂ ಪೆನ್‌ಡ್ರೈವ್ ಸಿಕ್ಕಿಸಿದ್ದೀರಾ ನೋಡಿ."

ಇಲ್ಲ ಎಂದೆ. ಅದನ್ನೇ ಏಕೆ ಮೊದಲು ಕೇಳಿದೆ ಎಂದು ವಿಚಾರಿಸಿದೆ. ಮೇಷ್ಟ್ರ ಚಟ, ಕಾರಣ ತಿಳಿಯದೆ ಹೆಜ್ಜೆ ಮುಂದಿಡಲು ಮನಸ್ಸು ಒಪ್ಪುವುದಿಲ್ಲ. ಅವನು ತಾಳ್ಮೆಯಿಂದ ವಿವರಿಸಿದ. ಅವನು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ಗುಂಡಿ ಒತ್ತಿದ ಕ್ಷಣದಲ್ಲಿ ಕಂಪ್ಯೂಟರಿಗೆ ಏನೂ ಗೊತ್ತಿರುವುದಿಲ್ಲ. ವಿಂಡೋಸ್ ಎಂದರೇನು ಎಂಬುದೂ ಗೊತ್ತಿಲ್ಲ. ಅದರ ಮುಖ್ಯ ಫಲಕದ ಮೇಲೆ ಒಂದು ಪುಟ್ಟ ಚಿಪ್ಪಿನಲ್ಲಿ ಸಣ್ಣದೊಂದು ಕ್ರಮವಿಧಿ ಇರುತ್ತದೆ. ಅದರ ಹೆಸರು ಬಯಾಸ್. ಅದು ಮೊದಲು ಸ್ಮರಣಕೋಶ, ಕೀಲಿಮಣೆ ಮುಂತಾದವು ಸರಿಯಿವೆಯೇ ಎಂದು ಪರೀಕ್ಷಿಸುತ್ತದೆ, ನಾವು ತರಗತಿಗೆ ಬಂದು ಹಾಜರಿ ಕರೆಯುವಂತೆ. ಆಮೇಲೆ ಕಾರ್ಯಾಚರಣ ವ್ಯವಸ್ಥೆ ಎಲ್ಲಿದೆ ಎಂದು ಹುಡುಕಲು ಹೊರಡುತ್ತದೆ. ಎಲ್ಲಿ ಮೊದಲು, ಎಲ್ಲಿ ಆಮೇಲೆ ಎಂಬುದಕ್ಕೆ ಅದರ ಬಳಿ ಒಂದು ಪಟ್ಟಿಯಿರುತ್ತದೆ. ಮೊದಲು ಸಿ.ಡಿ., ಅದಿಲ್ಲದಿದ್ದರೆ ಹಾರ್ಡ್‌ಡಿಸ್ಕ್, ಅದೂ ಇಲ್ಲದಿದ್ದರೆ ಮತ್ತೊಂದು, ಹೀಗೆ. ಪಟ್ಟಿಯ ಪ್ರಕಾರ ಒಂದು ಡಿಸ್ಕಿನ ಬಾಗಿಲು ತಟ್ಟಿ, ಅದರ ಮೊದಲ 512 ಬೈಟುಗಳನ್ನು ಓದಿ, ಅಲ್ಲಿರುವ ಆಜ್ಞೆಗಳಿಗೆ ಅಧಿಕಾರವನ್ನು ಒಪ್ಪಿಸಿ ತಾನು ಹಿಂದೆ ಸರಿಯುತ್ತದೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ನುಡಿಗಟ್ಟಿನಿಂದ ಇದಕ್ಕೆ 'ಬೂಟ್' ಎಂಬ ಹೆಸರು ಬಂದಿದೆ.

ತೊಂದರೆ ಎಲ್ಲೆಂದರೆ, ಪಟ್ಟಿಯಲ್ಲಿ ಮೊದಲು ಬರುವ ಸ್ಥಳದಲ್ಲಿ ವ್ಯವಸ್ಥೆಯೇ ಇಲ್ಲದ, ಬರೀ ಕಡತಗಳಿರುವ ಒಂದು ಪೆನ್‌ಡ್ರೈವ್ ಸಿಕ್ಕಿಕೊಂಡಿದ್ದರೆ, ಯಂತ್ರ ಅದರ ಬಾಗಿಲನ್ನೇ ತಟ್ಟುತ್ತದೆ. ಅಲ್ಲಿನ ಮೊದಲ 512 ಬೈಟುಗಳಲ್ಲಿ, 'ನನ್ನಲ್ಲಿ ನೀವು ಕೇಳುವುದು ಇಲ್ಲ' ಎಂದು ಹೇಳುವ ಪುಟ್ಟ ಆಜ್ಞೆಯೊಂದು ಇರಬಹುದು. ಅದು ಆ ಸಂದೇಶವನ್ನು ತೋರಿಸಿ ನಿಂತುಬಿಡುತ್ತದೆ. ಪಕ್ಕದ ಹಾರ್ಡ್‌ಡಿಸ್ಕಿನಲ್ಲಿ ಎಲ್ಲವೂ ಕ್ಷೇಮವಾಗಿದ್ದರೂ ಯಂತ್ರ ಅದನ್ನು ಕೇಳಲು ಹೋಗುವುದೇ ಇಲ್ಲ. ನೋಡುವವರಿಗೆ ಕಂಪ್ಯೂಟರ್ ಕೆಟ್ಟಂತೆ ಕಾಣುತ್ತದೆ.

"ಫ್ಲಾಪಿ ಕಾಲದಲ್ಲೂ ಹೀಗೇ ಆಗ್ತಿತ್ತಲ್ಲ ಸಾರ್" ಎಂದು ಅವನು ಸೇರಿಸಿದ.

ಅಷ್ಟು ಹೇಳಿ ಅವನು ಸುಮ್ಮನಾದ. ನಾನೂ ಸುಮ್ಮನಾದೆ.

ಈಗ 2004ರ ಡಿಸೆಂಬರಿಗೆ ಹೋಗೋಣ. ನಾನು ಆಗ ಅರಸೀಕೆರೆಯ ಕಡೆಯ ಒಂದು ಗ್ರಾಮಾಂತರ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಬೋಧಿಸುತ್ತಿದ್ದೆ. ಶಾಲೆಗೆ ಆಗಷ್ಟೇ ಕೆಲವು ಕಂಪ್ಯೂಟರುಗಳು ಬಂದಿದ್ದವು. ಕೋಣೆಗೆ ಬಣ್ಣ ಬಳಿಸಿ, ಕಿಟಕಿಗೆ ಪರದೆ ಹಾಕಿಸಿ, ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕೆಂಬ ನಿಯಮ ಮಾಡಿ, ದೇವರ ಕೋಣೆಯಂತೆ ಕಾಪಾಡುತ್ತಿದ್ದೆವು. ಹತ್ತು ದಿನಗಳ ತರಬೇತಿ ಪಡೆದಿದ್ದ ನಾನೇ ಅದರ ಉಸ್ತುವಾರಿ. ಸತ್ಯ ಹೇಳುವುದಾದರೆ ನನಗೆ ಆ ಯಂತ್ರಗಳ ಬಗ್ಗೆ ಪ್ರೀತಿಗಿಂತ ಭಯವೇ ಹೆಚ್ಚಿತ್ತು.

ಒಂದು ಮಧ್ಯಾಹ್ನ ಕೋಣೆಗೆ ಹೋದಾಗ ಈ ಹುಡುಗ ಮೊದಲನೆಯ ಯಂತ್ರದ ಮುಂದೆ ಕುಳಿತಿದ್ದ. ಪರದೆಯ ಮೇಲೆ ನಾನು ಎಂದೂ ನೋಡಿರದ ನೀಲಿ ಬಣ್ಣ, ಬಿಳಿಯ ಅಕ್ಷರಗಳು. ಯಂತ್ರ ಏಳುವಾಗ ಡಿಲೀಟ್ ಕೀಲಿ ಒತ್ತಿದರೆ ಸೆಟಪ್ ಬರುತ್ತದೆ ಎಂದು ಪರದೆಯ ಕೆಳಗೆ ಒಂದು ಕ್ಷಣ ತೋರಿಸುತ್ತದಲ್ಲ, ಅದನ್ನು ಓದಿ ಒತ್ತಿ ನೋಡಿದ್ದ. ನಾನು ಕೂಗಿದ ಕೂಡಲೇ ಏನೋ ಒತ್ತಿ ಹೊರಬಂದ. ಎಂದಿನಂತೆ ವಿಂಡೋಸ್ ತೆರೆದುಕೊಂಡಿತು. ಕಿವಿ ಹಿಂಡಿ ಹೊರಗೆ ಕಳುಹಿಸಿದೆ. ಅದೇ ಸಂಜೆ ಅದೇ ಯಂತ್ರದಲ್ಲಿ ಹತ್ತನೆಯ ತರಗತಿಯ ಕಿರುಪರೀಕ್ಷೆಯ ಅಂಕಗಳನ್ನು ತುಂಬಿ, ಫ್ಲಾಪಿಗೆ ಪ್ರತಿ ತೆಗೆದು, ಯಂತ್ರ ಆರಿಸಿ, ಬೀಗ ಹಾಕಿಕೊಂಡು ಕೊನೆಯ ಬಸ್ಸು ಹಿಡಿಯಲು ಓಡಿದೆ.

ಮರುದಿನ ಬೆಳಿಗ್ಗೆ ಯಂತ್ರ ಏಳಲಿಲ್ಲ. ಕಪ್ಪು ಪರದೆಯ ಮೇಲೆ ಎರಡು ಸಾಲು: 'ನಾನ್-ಸಿಸ್ಟಮ್ ಡಿಸ್ಕ್ ಆರ್ ಡಿಸ್ಕ್ ಎರರ್. ರಿಪ್ಲೇಸ್ ಅಂಡ್ ಸ್ಟ್ರೈಕ್ ಎನಿ ಕೀ ವೆನ್ ರೆಡಿ.' ಡಿಸ್ಕನ್ನು ಬದಲಾಯಿಸಿ ಎಂದರೆ ಹಾರ್ಡ್‌ಡಿಸ್ಕೇ ಸುಟ್ಟುಹೋಗಿದೆ ಎಂದು ನಾನು ಅರ್ಥ ಮಾಡಿಕೊಂಡೆ. ಸಾವಿರಾರು ರೂಪಾಯಿ ಎಂದು ಎದೆ ನಡುಗಿತು. ಯಾರು ಮಾಡಿದ್ದು ಎಂದು ಯೋಚಿಸಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಹುಡುಗ ಅತ್ತ. "ನಾನು ಏನೂ ಬದಲಾಯಿಸಲಿಲ್ಲ ಸಾರ್, ನೋಡಿ ಎಸ್ಕೇಪ್ ಒತ್ತಿ ಹೊರಗೆ ಬಂದೆ" ಎಂದು ಮತ್ತೆ ಮತ್ತೆ ಹೇಳಿದ. ನಾನು ಕೇಳಲಿಲ್ಲ. ಅವನ ತಂದೆಯನ್ನು ಕರೆಸಿದೆ. ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವ ಕೂಲಿಯಾಳು ಅವರು. ಕೆಲಸ ಬಿಟ್ಟು ಬಂದು ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲಲ್ಲೇ ಕೈ ಮುಗಿದು ನಿಂತರು. ದುರಸ್ತಿಯ ವೆಚ್ಚ ಅವರೇ ಭರಿಸಬೇಕೆಂದು ನಾನು ಹೇಳಿದೆ. ಪೇಟೆಯಿಂದ ತಂತ್ರಜ್ಞ ಬಂದು ಹೋದದ್ದಕ್ಕೆ ಆದದ್ದು 250 ರೂಪಾಯಿ. ಅದು ಅವರ ನಾಲ್ಕೈದು ದಿನಗಳ ಕೂಲಿ. ಎರಡು ಕಂತಿನಲ್ಲಿ ತಂದುಕೊಟ್ಟರು. ಹುಡುಗನಿಗೆ ಆ ವರ್ಷ ಮುಗಿಯುವವರೆಗೂ ಕಂಪ್ಯೂಟರ್ ಕೋಣೆಗೆ ಪ್ರವೇಶವಿಲ್ಲವೆಂದು ವಿಧಿಸಿದೆ. ಉಳಿದವರು ಒಳಗೆ ಇರುವಾಗ ಅವನು ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕೂರುತ್ತಿದ್ದ. ಆ ತರಗತಿಯವರಿಗೆ ಇದು ನೆನಪಿರಬಹುದು.

ತಂತ್ರಜ್ಞ ಬಂದಾಗ ನಾನು ಒಂಬತ್ತನೆಯ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ, "ಬೂಟ್ ಆರ್ಡರ್ ಸರಿ ಇರಲಿಲ್ಲ, ಸರಿ ಮಾಡಿದ್ದೀನಿ" ಎಂದು ಗುಮಾಸ್ತರಿಗೆ ಹೇಳಿ ಹೋದನಂತೆ. ಕೇಳಿ ನನಗೆ ಸಮಾಧಾನವೇ ಆಯಿತು. ನೋಡಿದಿರಾ, ಹುಡುಗ ಸೆಟಪ್ಪಿನಲ್ಲಿ ಕೈಯಾಡಿಸಿದ್ದೇ ಕಾರಣ ಎಂದು ಸಹೋದ್ಯೋಗಿಗಳಿಗೆ ಹೇಳಿದೆ. ಅಂಕಗಳ ಫ್ಲಾಪಿಗಾಗಿ ನಾನು ಆ ವಾರವೆಲ್ಲ ಮನೆಯಲ್ಲೂ ಶಾಲೆಯಲ್ಲೂ ಹುಡುಕಾಡುತ್ತಿದ್ದೆ. ಅದು ಅದೇ ಸಂಜೆ ಅದೇ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಸಿಕ್ಕಿತು. ನಾನೇ ಮರೆತು ಅಲ್ಲಿಟ್ಟಿರಬೇಕು ಎಂದುಕೊಂಡು ಜೇಬಿಗೆ ಹಾಕಿಕೊಂಡೆ.

ಇಪ್ಪತ್ತು ವರ್ಷಗಳ ಬಳಿಕ, ದೂರವಾಣಿ ಕಿವಿಗಿಟ್ಟುಕೊಂಡು ನಿಂತಿದ್ದಾಗ ಆ ಫ್ಲಾಪಿ ನನ್ನ ಕಣ್ಣ ಮುಂದೆ ಬಂತು. ನನ್ನ ಕೈಬರಹದ ಚೀಟಿ ಅಂಟಿಸಿದ್ದ ಕಪ್ಪು ಫ್ಲಾಪಿ. ನಾನು ಅದನ್ನು ಪೆಟ್ಟಿಗೆಯ ಮೇಲೆ ಇಟ್ಟಿರಲಿಲ್ಲ. ಪೆಟ್ಟಿಗೆಯ ಒಳಗೇ ಬಿಟ್ಟು ಬಸ್ಸಿಗೆ ಓಡಿದ್ದೆ. ಹೊರಗೆ ತೆಗೆದು ಮೇಲಿಟ್ಟವನು ತಂತ್ರಜ್ಞ.

ಆ ಕಾಲದ ಯಂತ್ರಗಳಲ್ಲಿ ಪಟ್ಟಿಯ ಮೊದಲ ಸ್ಥಾನ ಸಾಮಾನ್ಯವಾಗಿ ಫ್ಲಾಪಿಯದೇ. ಅದಕ್ಕೊಂದು ಇತಿಹಾಸವಿದೆ. 1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆ ತನ್ನ ಮೊದಲ ಪರ್ಸನಲ್ ಕಂಪ್ಯೂಟರನ್ನು ಬಿಡುಗಡೆ ಮಾಡಿದಾಗ ಅದರಲ್ಲಿ ಹಾರ್ಡ್‌ಡಿಸ್ಕೇ ಇರಲಿಲ್ಲ. 1983ರ ಎಕ್ಸ್‌ಟಿ ಮಾದರಿಯಲ್ಲಿ ಅದು ಬಂತು. ಹಾಗಾಗಿ ಯಂತ್ರ ಮೊದಲು ಫ್ಲಾಪಿಯನ್ನೇ ಕೇಳುವುದು ರೂಢಿಯಾಯಿತು. ಸಿ.ಡಿ.ಯಿಂದ ಏಳುವ ವಿಧಾನಕ್ಕೆ ಒಂದು ಗೊತ್ತಾದ ನಿಯಮ ಬಂದದ್ದು 1995ರಲ್ಲಿ. ಫ್ಲಾಪಿಯನ್ನು ಒಳಗೇ ಮರೆಯುವ ಅಭ್ಯಾಸ ಜಗತ್ತಿಗೆಲ್ಲ ಇತ್ತೆಂಬುದಕ್ಕೆ ಮತ್ತೊಂದು ಸಾಕ್ಷಿಯಿದೆ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ 'ಬ್ರೈನ್' ಎಂಬ ವೈರಸ್ ಫ್ಲಾಪಿಯ ಆ ಮೊದಲ 512 ಬೈಟುಗಳಲ್ಲೇ ಅಡಗಿ ಕೂರುತ್ತಿತ್ತು. ಮರೆತ ಫ್ಲಾಪಿಯಿಂದ ಯಂತ್ರ ಏಳಲು ಹೋದರೆ ಸಾಕು, ಅದು ಒಳಗೆ ಬರುತ್ತಿತ್ತು. ಇದೇ ಕಾರಣಕ್ಕೆ ತಿಳಿದ ತಂತ್ರಜ್ಞರು ಹಾರ್ಡ್‌ಡಿಸ್ಕನ್ನು ಪಟ್ಟಿಯ ಮೊದಲಿಗೆ ತರುತ್ತಿದ್ದರು. ನಮ್ಮ ಶಾಲೆಗೆ ಬಂದವನು ಮಾಡಿದ್ದೂ ಅದನ್ನೇ. ಹುಡುಗ ಕೆಡಿಸಿದ್ದನ್ನು ಅವನು ಸರಿಪಡಿಸಲಿಲ್ಲ. ಯಂತ್ರ ಬರುವಾಗಲೇ ಇದ್ದ ಪಟ್ಟಿಯನ್ನು, ನನ್ನಂಥ ಮರೆಗುಳಿಗಳಿಗೆ ಅನುಕೂಲವಾಗಲೆಂದು ಬದಲಾಯಿಸಿದ.

ಇಷ್ಟೆಲ್ಲ ತಾಂತ್ರಿಕ ತಿಳಿವಳಿಕೆ ಆಗ ನನಗಿರಲಿಲ್ಲ, ನಿಜ. ಆದರೆ ಅದಿಲ್ಲದೆಯೂ ಸತ್ಯ ತಿಳಿಯಬಹುದಾಗಿತ್ತು. ಹುಡುಗ ಹೊರಗೆ ಬಂದ ಮೇಲೆ ಯಂತ್ರ ಸರಿಯಾಗಿ ಎದ್ದಿತ್ತು. ಸಂಜೆ ನಾನೇ ಅದರಲ್ಲಿ ಒಂದು ಗಂಟೆ ಕೆಲಸ ಮಾಡಿದ್ದೆ. ಅದರ ಬಳಿಕ ಅದನ್ನು ಮುಟ್ಟಿದವನು ನಾನೊಬ್ಬನೇ. ರೇಖಾಗಣಿತದ ಪ್ರಮೇಯಕ್ಕೆ 'ದತ್ತ, ಸಾಧನೀಯ, ಸಾಧನೆ' ಎಂದು ಮೂರು ಸಾಲು ಬರೆಸದೆ ಬಿಡದ ಮೇಷ್ಟ್ರಿಗೆ ಈ ಮೂರು ಸಾಲು ಹೊಳೆಯಲಿಲ್ಲ. ಬಿ.ಇಡಿ. ತರಗತಿಯಲ್ಲಿ ನಮಗೆ ನೈದಾನಿಕ ಪರೀಕ್ಷೆ ಮೊದಲು, ಪರಿಹಾರ ಬೋಧನೆ ಆಮೇಲೆ ಎಂದು ಕಲಿಸಿದ್ದರು. ಮಗು ಎಲ್ಲಿ ಎಡವಿತು ಎಂದು ತಿಳಿಯದೆ ತಿದ್ದಲು ಹೋಗಬಾರದು ಎಂದು ಅದರ ಅರ್ಥ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನಾನು ಒಳ್ಳೆಯ ಅಂಕ ಪಡೆದಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಎಂಬ ಗಾದೆಯನ್ನು ನಗಾಡಲು ಬಳಸುತ್ತೇವೆ. ಊರಿನಲ್ಲಿ ಹುಡುಕುವಾಗ ಸಿಕ್ಕವನಿಗೆ ಹೊಡೆದರೆ ಅದು ನಗುವ ವಿಷಯವಲ್ಲ.

ದೂರವಾಣಿಯಲ್ಲಿ ನಾನೇ ಮೌನ ಮುರಿದೆ. "ನಿನಗೆ ಗೊತ್ತಿತ್ತೇ?" ಎಂದು ಕೇಳಿದೆ.

"ಡಿಪ್ಲೊಮಾ ಮೊದಲ ವರ್ಷದಲ್ಲಿ ಗೊತ್ತಾಯ್ತು ಸಾರ್. ಲ್ಯಾಬಿನಲ್ಲಿ ಅದೇ ಅಕ್ಷರ ಬಂತು. ನನಗೆ ಕೈಕಾಲು ನಡುಗೋಕೆ ಶುರುವಾಯ್ತು. ಅಟೆಂಡರ್ ಬಂದು ಫ್ಲಾಪಿ ಹೊರಗೆ ತೆಗೆದು, ಒಂದು ಕೀ ಒತ್ತಿ ಹೋದರು. ಅಷ್ಟೇ."

ನನಗೆ ಏಕೆ ತಿಳಿಸಲಿಲ್ಲ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಆಗ ಹೇಳಿದ್ದನ್ನೇ ನೀವು ನಂಬಲಿಲ್ಲವಲ್ಲ ಸಾರ್" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕದ ಉತ್ತರ ಹೇಳುವಂತೆ ಹೇಳಿದ. ಮರುಕ್ಷಣವೇ, "ಅದು ಇರಲಿ, ಈಗ ಅಮ್ಮನವರ ಹಾಡುಗಳನ್ನು ತೆಗೆಯೋಣ" ಎಂದು ಕೆಲಸಕ್ಕೆ ತೊಡಗಿದ.

ಆ ಕೆಲಸದ ವಿವರವನ್ನೂ ಬರೆಯುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತು. ಹಾರ್ಡ್‌ಡಿಸ್ಕಿನಲ್ಲಿರುವ ವಿಂಡೋಸ್ ಏಳದಿದ್ದರೂ ಅಲ್ಲಿನ ಕಡತಗಳು ಸುರಕ್ಷಿತವಾಗಿರಬಹುದು. ಬೇರೊಂದು ವ್ಯವಸ್ಥೆಯನ್ನು ಪೆನ್‌ಡ್ರೈವಿನಿಂದ ಎಬ್ಬಿಸಿ ಅದರ ಮೂಲಕ ಒಳಗೆ ನೋಡುವುದು ಉಪಾಯ. ಪಕ್ಕದ ಮನೆಯ ಪದವಿ ಕಾಲೇಜಿನ ಹುಡುಗಿಯೊಬ್ಬಳು ತನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯನ್ನು ಇಳಿಸಿಕೊಂಡಳು. ಮೊದಲ ಸಲ ಆ ಕಡತವನ್ನು ಪೆನ್‌ಡ್ರೈವಿಗೆ ಸುಮ್ಮನೆ ನಕಲು ಮಾಡಿ ಕೊಟ್ಟಳು, ಯಂತ್ರ ಏಳಲಿಲ್ಲ. ನಕಲು ಮಾಡಿದರೆ ಸಾಲದು, ಮೊದಲ ಬೈಟುಗಳಲ್ಲಿ ಎಬ್ಬಿಸುವ ಆಜ್ಞೆ ಕೂರುವಂತೆ ರೂಫಸ್‌ನಂಥ ತಂತ್ರಾಂಶದಿಂದ ಬರೆಯಬೇಕು ಎಂದು ಶಿಷ್ಯ ತಿಳಿಸಿದ. ಹಾಗೆ ಬರೆಯುವಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಖಾಲಿಯಾದದ್ದನ್ನೇ ಬಳಸಬೇಕು.

ಆಮೇಲೆ ಪೆನ್‌ಡ್ರೈವನ್ನು ಮೊದಲೇ ಸಿಕ್ಕಿಸಿ, ಯಂತ್ರದ ಗುಂಡಿ ಒತ್ತಿ, ಡಿಲೀಟ್ ಕೀಲಿಯನ್ನು ಬಿಟ್ಟುಬಿಟ್ಟು ಒತ್ತುತ್ತಲೇ ಇರಬೇಕು. ಎರಡು ಸಲ ತಡ ಮಾಡಿದೆ. ಮೂರನೆಯ ಸಲ ಪರದೆ ನೀಲಿಯಾಯಿತು. ಅದೇ ನೀಲಿ, ಅದೇ ಬಿಳಿಯ ಅಕ್ಷರ. ಅಲ್ಲಿ ಮೌಸ್ ನಡೆಯುವುದಿಲ್ಲ, ಬಾಣದ ಕೀಲಿಗಳಿಂದಲೇ ಓಡಾಡಬೇಕು. ಮೇಲೆ ತೋರಿಸುತ್ತಿದ್ದ ದಿನಾಂಕ ಹತ್ತು ವರ್ಷಕ್ಕೂ ಹಿಂದಿನದು. ಈ ಆಯ್ಕೆಗಳನ್ನೂ ಗಡಿಯಾರವನ್ನೂ ನೆನಪಿಟ್ಟುಕೊಳ್ಳಲು ಒಳಗೆ ಗುಂಡಿಯಾಕಾರದ ಮೂರು ವೋಲ್ಟಿನ ಒಂದು ಕೋಶ ಇರುತ್ತದೆ. ಅದು ಸತ್ತಿದೆ, ಕೆಲಸ ಮುಗಿಯುವವರೆಗೆ ಗೋಡೆಯ ಸ್ವಿಚ್ಚು ಆರಿಸಬೇಡಿ ಎಂದ. 'ಬೂಟ್' ಎಂಬ ಪುಟಕ್ಕೆ ಹೋದೆ. ಹಳೆಯ ಯಂತ್ರಗಳಲ್ಲಿ ಪೆನ್‌ಡ್ರೈವನ್ನೂ ಒಂದು ಹಾರ್ಡ್‌ಡಿಸ್ಕೆಂದೇ ಎಣಿಸುವುದುಂಟು. ಆ ಪಟ್ಟಿ ತೆರೆದು ಪೆನ್‌ಡ್ರೈವನ್ನು ಒಂದನೆಯ ಸ್ಥಾನಕ್ಕೆ ತಂದು, ಎಫ್10 ಒತ್ತಿ, ಉಳಿಸಲೇ ಎಂಬ ಪ್ರಶ್ನೆಗೆ ಹೌದೆಂದೆ. ಕೈ ನಡುಗುತ್ತಿತ್ತು. ಒಬ್ಬ ಹದಿನೈದರ ಹುಡುಗ ಕುತೂಹಲದಿಂದ ತೆರೆದ ಪುಟವನ್ನು ಅರವತ್ತೇಳರ ನಾನು ಹೆದರುತ್ತಾ ತೆರೆದಿದ್ದೆ.

ಹೊಸ ಕಂಪ್ಯೂಟರುಗಳಲ್ಲಿ ಬಯಾಸಿನ ಬದಲು ಯುಇಎಫ್‌ಐ ಎಂಬ ವ್ಯವಸ್ಥೆಯಿದೆ. ಒತ್ತಬೇಕಾದ ಕೀಲಿ ಎಫ್2, ಎಫ್12, ಎಸ್ಕೇಪ್ ಹೀಗೆ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಒಂದೇ ಸಲಕ್ಕೆ ಬೇರೆಡೆಯಿಂದ ಏಳಲು ಅನೇಕ ಯಂತ್ರಗಳಲ್ಲಿ ಪ್ರತ್ಯೇಕ ಬೂಟ್ ಮೆನು ಇರುತ್ತದೆ. ಅದನ್ನು ಬಳಸಿದರೆ ಶಾಶ್ವತ ಪಟ್ಟಿ ಬದಲಾಗುವುದಿಲ್ಲ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಮೊದಲೇ ಬರೆದಿಟ್ಟುಕೊಂಡು ಆಮೇಲೆ ಕೈಹಾಕಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತೆಂದು ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ, ಹೀಗೊಂದು ದಾರಿಯಿದೆ ಎಂಬುದು ನೆನಪಿರಲಿ.

ನಮ್ಮ ಯಂತ್ರ ಎದ್ದಿತು. ಹೊಸ ಪರದೆಯ ಮೇಲಿದ್ದ 'ಇನ್‌ಸ್ಟಾಲ್' ಚಿಹ್ನೆಯನ್ನು ಯಾವ ಕಾರಣಕ್ಕೂ ಮುಟ್ಟಬೇಡಿ ಎಂದು ಶಿಷ್ಯ ಮೂರು ಸಲ ಹೇಳಿದ. ಹಾರ್ಡ್‌ಡಿಸ್ಕಿನ ಚಿತ್ರ ತೆರೆದೆ. ಆಕೆಯ ಹೆಸರಿನ ಕೋಶ ಅಲ್ಲೇ ಇತ್ತು. ಒಂದು ಕಡತ ತೆರೆದರೆ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿದ ಒಂದು ರಾಶಿ. ಎಲ್ಲವೂ ಹಾಳಾಯಿತೆಂದು ನಾನು ಕುಸಿದು ಕುಳಿತೆ.

"ಹಾಳಾಗಿಲ್ಲ ಸಾರ್. ಹಳೆಯ ನುಡಿ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೇ ಕನ್ನಡದ ಆಕಾರ ಕೂರಿಸಿರ್ತಾರೆ. ಆ ಫಾಂಟು ಇಲ್ಲಿಲ್ಲ, ಅಷ್ಟೇ. ಯೂನಿಕೋಡಿಗೆ ಪರಿವರ್ತಿಸಿದರೆ ಬರುತ್ತೆ" ಎಂದ. ಕೋಶವನ್ನು ಮತ್ತೊಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು, ಪಟ್ಟಿಯಲ್ಲಿ ಹಾರ್ಡ್‌ಡಿಸ್ಕನ್ನು ಮತ್ತೆ ಮೊದಲ ಸ್ಥಾನಕ್ಕೆ ತಂದೆವು. ಕಡತಗಳನ್ನು ಅವನಿಗೆ ಕಳುಹಿಸಿದೆ. ಮರುದಿನ ಬೆಳಿಗ್ಗೆ ನಲವತ್ತಮೂರು ಹಾಡುಗಳು, ಓದಲು ಬರುವ ಕನ್ನಡದಲ್ಲಿ, ನನ್ನ ಮೊಬೈಲಿಗೆ ಬಂದಿದ್ದವು. ಕೆಲವು ಹಾಡುಗಳ ಕೊನೆಯಲ್ಲಿ ಆಕೆ ಆವರಣದಲ್ಲಿ 'ಇನ್ನೊಂದು ಸಾಲು ಇದೆ, ಅಮ್ಮನನ್ನು ಕೇಳಬೇಕು' ಎಂದು ಬರೆದುಕೊಂಡಿದ್ದಳು. ಅದನ್ನೂ ಹಾಗೆಯೇ ಅಚ್ಚು ಹಾಕಿಸಿದೆವು. ನವೆಂಬರಿನ ಮದುವೆಗೆ ಬಂದ ಬಂಧುಗಳೆಲ್ಲರ ಬಳಿಯೂ ಆ ಪುಸ್ತಿಕೆ ಇದೆ. ಅದು ಹೇಗೆ ಬಂತೆಂಬುದು ಈಗ ನಿಮಗೆ ತಿಳಿಯಿತು.

ಮದುವೆಯಾದ ಮರುವಾರ ಶಿಷ್ಯನ ಊರಿಗೆ ಹೋದೆ. ಹಣ ಹಿಂತಿರುಗಿಸುತ್ತೇನೆಂದಾಗ ಅವನು, "ನನಗೆ ಬೇಡ ಸಾರ್, ಅಪ್ಪನಿಗೆ ನೀವೇ ಹೇಳಿ" ಎಂದಿದ್ದ. ತಂದೆಗೆ ಈಗ ಎಪ್ಪತ್ತು ದಾಟಿದೆ. ಮೂಟೆ ಹೊತ್ತ ಬೆನ್ನು ಬಾಗಿದೆ. ಜಗಲಿಯ ಮೇಲೆ ಕೂರಿಸಿ ಎಳನೀರು ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ. ಫ್ಲಾಪಿ ಎಂದರೇನು ಎಂದು ಅವರು ಕೇಳಿದರು. ಬೀಗದಲ್ಲಿ ನನ್ನದೇ ತಪ್ಪು ಕೀಲಿ ಮುರಿದು ಕುಳಿತಿತ್ತು, ನಿಮ್ಮ ಮಗ ಬೀಗ ಕೆಡಿಸಿದನೆಂದು ಹೇಳಿದೆ ಎಂದು ವಿವರಿಸಿದೆ. ಅರ್ಥವಾಯಿತು. ಬಹಳ ಹೊತ್ತು ಅಂಗಳ ನೋಡುತ್ತಾ ಕುಳಿತರು.

"ದುಡ್ಡು ಹೋಗಲಿ ಮೇಷ್ಟ್ರೇ" ಎಂದರು ಕೊನೆಗೆ. "ಆವತ್ತು ಮನೆಗೆ ಬಂದು ಅವನಿಗೆ ಹುಣಿಸೇಬರಲಲ್ಲಿ ಹೊಡೆದೆ. ನಾನು ಮಾಡಿಲ್ಲ ಅಪ್ಪಾ ಅಂತಲೇ ಇದ್ದ. ಮೇಷ್ಟ್ರು ಸುಳ್ಳು ಹೇಳ್ತಾರಾ ಅಂತ ಇನ್ನೂ ಎರಡು ಕೊಟ್ಟೆ."

ಇದು ನನಗೆ ಗೊತ್ತಿರಲಿಲ್ಲ. ಮಗನೂ ಹೇಳಿರಲಿಲ್ಲ. 250 ರೂಪಾಯಿಗೆ ಇಪ್ಪತ್ತೊಂದು ವರ್ಷದ ಬಡ್ಡಿ ಲೆಕ್ಕ ಹಾಕಿ, ಲಕೋಟೆಯಲ್ಲಿಟ್ಟು ತಂದಿದ್ದೆ. ಬ್ಯಾಂಕಿನ ಬಡ್ಡಿಯ ಲೆಕ್ಕಗಳನ್ನು ನಿಮ್ಮೆಲ್ಲರಿಗೂ ನಾನೇ ಕಲಿಸಿದ್ದು. ಆ ಎರಡು ಏಟನ್ನು ಯಾವ ದರದಲ್ಲಿ ಲೆಕ್ಕ ಹಾಕುವುದು? ಅವರು ಲಕೋಟೆ ತೆಗೆದುಕೊಂಡರು, ಬೇಡವೆನ್ನಲಿಲ್ಲ. ನಿಧಾನವಾಗಿ ಎಣಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡು, "ಅವನು ಬಂದಾಗ ತೋರಿಸ್ತೀನಿ" ಎಂದರು.

ಇದನ್ನು ಏಕೆ ಎಲ್ಲರೆದುರು ಬರೆಯುತ್ತಿದ್ದೇನೆ ಎಂದು ಬಂಧುಗಳು ಕೇಳಬಹುದು. ತಪ್ಪು ಹೊರಿಸಿದ್ದು ಇಡೀ ತರಗತಿಯ ಎದುರು. ಒಪ್ಪಿಕೊಳ್ಳುವುದು ದೂರವಾಣಿಯಲ್ಲಿ ಗುಟ್ಟಾಗಿ ಆಗಬಾರದು. 2004-05ನೇ ಸಾಲಿನ ಹತ್ತನೆಯ ತರಗತಿಯ ನನ್ನ ಮಕ್ಕಳೇ, ಆ ವರ್ಷ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದವನು ಯಾವ ತಪ್ಪೂ ಮಾಡಿರಲಿಲ್ಲ. ಕಂಪ್ಯೂಟರಿನಲ್ಲಿ ಫ್ಲಾಪಿ ಬಿಟ್ಟವನು ನಾನು. ಅವನ ಬಗ್ಗೆ ನಿಮ್ಮಲ್ಲಿ ಯಾರಾದರೂ ಇಂದಿಗೂ ಆ ಮಾತನ್ನು ತಮಾಷೆಗೆ ಆಡುತ್ತಿದ್ದರೆ ಇಂದಿಗೆ ನಿಲ್ಲಿಸಿ.

ನಿಮ್ಮಲ್ಲಿ ಕೆಲವರು ಈಗ ಉಪಾಧ್ಯಾಯರಾಗಿದ್ದೀರಿ, ಅನೇಕರು ತಂದೆತಾಯಿಗಳಾಗಿದ್ದೀರಿ. ಮನೆಯಲ್ಲೋ ಶಾಲೆಯಲ್ಲೋ ಏನಾದರೂ ಕೆಟ್ಟಾಗ ಕಾರಣವನ್ನು ಎಲ್ಲಿ ಮೊದಲು ಹುಡುಕಬೇಕೆಂಬ ಪಟ್ಟಿಯೊಂದು ನಮ್ಮೆಲ್ಲರ ತಲೆಯಲ್ಲೂ ಇರುತ್ತದೆ. ನನ್ನ ಪಟ್ಟಿಯಲ್ಲಿ ಕೊನೆಯ ಬೆಂಚಿನ ಬಡ ಹುಡುಗ ಮೊದಲು ಇದ್ದ, ನಾನು ಇರಲೇ ಇಲ್ಲ. ಅದನ್ನು ಬದಲಾಯಿಸಲು ನನಗೆ ಇಪ್ಪತ್ತೊಂದು ವರ್ಷ ಬೇಕಾಯಿತು. ನಿಮಗೆ ಅಷ್ಟು ಬೇಕಾಗದಿರಲಿ.

ಕಂಪ್ಯೂಟರಿಗೆ ಹೊಸ ಕೋಶ ಹಾಕಿಸಿದ್ದೇನೆ. ದಿನಾಂಕ ಈಗ ಸರಿ ತೋರಿಸುತ್ತಿದೆ. ಹಾಡುಗಳ ಮೂರು ಪ್ರತಿ ಮೂರು ಕಡೆ ಇವೆ. ನಿಮ್ಮ ಮನೆಯಲ್ಲೂ ಅಮ್ಮನೋ ಅಜ್ಜಿಯೋ ಬರೆದಿಟ್ಟದ್ದು ಹಳೆಯ ಯಂತ್ರದಲ್ಲಿದ್ದರೆ ಈ ವಾರವೇ ತೆಗೆದಿಡಿ.

ಇಂತಿ,
ನಿಮ್ಮ ಗಣಿತ ಮೇಷ್ಟ್ರು